ಹಡಗಿನ ಔತಣಕ್ಕೆ ಉಡುಪಿನ ಕಟ್ಟಳೆ

ಕಡಲನ್ನು ಕಾಣಬೇಕಾದರೆ ನಮ್ಮ ತಾವರಗೇರಾದವರು ಒಂದು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಕಾರವಾರಕ್ಕೋ ಗೋವೆಗೋ ಹೋಗಬೇಕು. ಜೋಳ ಸಜ್ಜೆಗಳ ಈ ಸೀಮೆಯಲ್ಲಿ ನೀರೆಂದರೆ ಕೆರೆ, ಬಾವಿ ಮತ್ತು ಬಂದರೆ ಬಂದಿತೆನ್ನುವ ಮಳೆ. ಅಂತಹ ಊರಿನವನೊಬ್ಬನು ಹಡಗಿನ ಔತಣದಲ್ಲಿ ಯಾರು ಏನನ್ನು ಉಡಬೇಕು, ಏನನ್ನು ತೊಡಬೇಕು ಎಂಬ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ನಗೆ ಬರುವುದು ಸಹಜ. ಆದರೆ ಉಡುಪಿನ ಕಟ್ಟಳೆ ಕಡಲಿನಲ್ಲಿ ಮಾತ್ರ ಇರುವುದಲ್ಲ. ನನಗೆ ಅದು ಅರಿವಾದುದು ಕಡಲಿನ ಮೇಲೆ ಎಂಬುದಷ್ಟೇ ವಿಶೇಷ.

2018ನೆಯ ಇಸವಿಯ ಜೂನ್ ತಿಂಗಳು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಮಗ ನನ್ನನ್ನೂ ತನ್ನ ತಾಯಿಯನ್ನೂ ಕರೆಸಿಕೊಂಡು, ಸೌತಾಂಪ್ಟನ್ ಬಂದರಿನಿಂದ ನಾರ್ವೆ ದೇಶದ ಕಡಲ ಕಣಿವೆಗಳನ್ನು ನೋಡಿ ಮರಳುವ ಏಳು ರಾತ್ರಿಗಳ ವಿಹಾರದ ಹಡಗನ್ನು ಹತ್ತಿಸಿದನು. ಹಡಗೆನ್ನುವುದಕ್ಕಿಂತ ಅದನ್ನೊಂದು ತೇಲುವ ಪೇಟೆ ಎನ್ನಬೇಕು. ಅಂಗಡಿಗಳುಂಟು, ನಾಟಕಶಾಲೆಯುಂಟು, ಪುಸ್ತಕಾಲಯವುಂಟು. ಪ್ರತಿ ಸಂಜೆ ಮರುದಿನದ ಕಾರ್ಯಕ್ರಮವನ್ನು ಅಚ್ಚು ಹಾಕಿಸಿದ ಒಂದು ಹಾಳೆ ನಮ್ಮ ಕೋಣೆಗೆ ಬರುತ್ತಿದ್ದಿತು. ಸೂರ್ಯಾಸ್ತದ ಹೊತ್ತು, ಇಳಿಯುವ ಊರು, ಸಂಗೀತದ ವೇಳೆ, ಇವುಗಳ ನಡುವೆ ಒಂದು ಸಾಲು: ನಾಳಿನ ರಾತ್ರಿ ವಿಧ್ಯುಕ್ತ ಉಡುಪಿನ ರಾತ್ರಿ, ಗಂಡಸರು ಕಪ್ಪು ಕೋಟು, ಬಿಳಿಯ ಅಂಗಿ, ಕೊರಳಿಗೆ ಕಪ್ಪು ಬಿಲ್ಲುಗಂಟು ಧರಿಸಬೇಕು, ಹೆಂಗಸರು ಔತಣಕ್ಕೆ ತಕ್ಕ ನಿಲುವಂಗಿ ತೊಡಬೇಕು. ಏಳು ರಾತ್ರಿಗಳಲ್ಲಿ ಅಂತಹವು ಎರಡು. ಆ ಉಡುಪು ಬೇಡವೆನ್ನುವವರಿಗೆ ಮೇಲಂತಸ್ತಿನ ಊಟದ ಮನೆ ತೆರೆದಿರುತ್ತದೆ. ಅಲ್ಲಿ ತಟ್ಟೆ ಹಿಡಿದು ತಾವೇ ಬಡಿಸಿಕೊಳ್ಳಬೇಕು. ಯಾರಿಗೂ ಅನ್ನವಿಲ್ಲವೆಂದು ಹೇಳಿರಲಿಲ್ಲ. ಎಲ್ಲಿ ಕುಳಿತು ಉಣ್ಣಬೇಕು ಎಂಬುದನ್ನು ಮಾತ್ರ ಉಡುಪು ನಿರ್ಧರಿಸುತ್ತಿದ್ದಿತು.

ಈ ಪದ್ಧತಿ ಬಂದುದು ಹೇಗೆ? ಹಿಂದೆ ಹಡಗು ವಿಹಾರಕ್ಕಾಗಿ ಇರಲಿಲ್ಲ. ಒಂದು ದಡದಿಂದ ಇನ್ನೊಂದು ದಡವನ್ನು ಮುಟ್ಟಲು ಬೇರೆ ದಾರಿಯೇ ಇರಲಿಲ್ಲ. ಮುಂಬಯಿಯಿಂದ ವಿಲಾಯತಿಗೆ ಹೋಗಲು ವಾರಗಳು ಹಿಡಿಯುತ್ತಿದ್ದುವು. ಸುತ್ತಲೂ ನೀರು, ಬೆಳಗಿನಿಂದ ಬೈಗಿನ ವರೆಗೆ ಅದೇ ಮುಖಗಳು. ಅಂತಹ ದಿನಗಳಲ್ಲಿ ಇರುಳಿನ ಊಟವೊಂದೇ ದೊಡ್ಡ ಘಟನೆ. ಮೊದಲ ದರ್ಜೆಯವರು ಅದಕ್ಕೆ ಬೇರೆ ಉಡುಪು ತೊಟ್ಟು ಬರುವರು. ಕೆಳಗಿನ ದರ್ಜೆಗಳವರಿಗೆ ಊಟದ ಮನೆಯೇ ಬೇರೆ. ಉಡುಪು ಬೇಸರವನ್ನೂ ಕಳೆಯುತ್ತಿದ್ದಿತು, ದರ್ಜೆಯನ್ನೂ ಕಾಯುತ್ತಿದ್ದಿತು.

ಆ ಉಡುಪಿನ ಚರಿತ್ರೆಯೂ ಕುತೂಹಲಕರವಾದುದು. ಇಂದು ಅತ್ಯಂತ ವಿಧ್ಯುಕ್ತವೆನಿಸಿರುವ ಗಿಡ್ಡನೆಯ ಔತಣದ ಕೋಟು, ಬಾಲವುಳ್ಳ ಉದ್ದನೆಯ ಕೋಟಿನ ಬಿಗಿಯನ್ನು ಸಡಲಿಸಲೆಂದು ಹುಟ್ಟಿದುದು. 1865ರಲ್ಲಿ ಲಂಡನ್ನಿನ ದರ್ಜಿ ಹೆನ್ರಿ ಪೂಲ್, ಮುಂದೆ ಏಳನೆಯ ಎಡ್ವರ್ಡ್ ಎನಿಸಿದ ಯುವರಾಜನಿಗೆ ಮನೆಯ ಊಟಕ್ಕೆಂದು ಅದನ್ನು ಹೊಲಿದು ಕೊಟ್ಟನು. ಅಂದಿನ ಸಲುಗೆಯ ಉಡುಪು ಇಂದಿನ ಬಿಗುಮಾನದ ಉಡುಪಾಯಿತು. ಅದರೊಡನೆ ಸೊಂಟಕ್ಕೆ ಸುತ್ತುವ ರೇಷ್ಮೆಯ ಪಟ್ಟಿಯುಂಟಷ್ಟೆ, ಅದನ್ನು ಇಂಗ್ಲಿಷಿನವರು ಕಮರ್‌ಬಂಡ್ ಎನ್ನುವರು. ಅದು ನಮ್ಮ ಕಮರಬಂದ್! ಹಿಂದೂಸ್ಥಾನದ ಸೆಕೆಯಲ್ಲಿ ಒಳಗೋಟಿನ ಭಾರವನ್ನು ತಾಳಲಾರದ ಬಿಳಿಯ ಅಧಿಕಾರಿಗಳು ಇಲ್ಲಿನವರ ನಡುಕಟ್ಟನ್ನು ನೋಡಿ ಕಲಿತರು. ಕೆಂಪು ಸಮುದ್ರದ ಧಗೆಯಲ್ಲಂತೂ ಕೋಟನ್ನೇ ಕಳಚಿ, ಬರಿಯ ಅಂಗಿಯ ಮೇಲೆ ಈ ಪಟ್ಟಿಯನ್ನು ಬಿಗಿದು ಊಟಕ್ಕೆ ಕೂಡುವ ರೂಢಿ ಬಂದಿತು. ಬಿಸಿಲು ಹೆಚ್ಚಾದಾಗ ಕಟ್ಟಳೆ ತಾನಾಗಿ ಬಾಗಿತೆಂಬುದು ಗಮನಿಸತಕ್ಕ ವಿಷಯ.

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ಪ್ರಯಾಣಿಕರೊಡನೆ ದಾಟತೊಡಗಿದ ಮೇಲೆ ದೊಡ್ಡ ಹಡಗುಗಳಿಗೆ ಗಿರಾಕಿಗಳಿಲ್ಲವಾದರು. 'ಕ್ವೀನ್ ಮೇರಿ'ಯಂತಹ ಹಡಗು 1967ರಲ್ಲಿ ತನ್ನ ಓಡಾಟವನ್ನು ಮುಗಿಸಿತು. ಉಳಿದ ಕಂಪನಿಗಳು ವಿಹಾರದ ಕಡೆಗೆ ತಿರುಗಿದುವು. ತಲುಪಬೇಕಾದ ಅವಸರ ಹೋಯಿತು. ತಲುಪುವ ಕಾಲದ ವೈಭವವನ್ನು ಉಡುಪಿನ ರಾತ್ರಿಗಳ ರೂಪದಲ್ಲಿ ಉಳಿಸಿಕೊಂಡರು. 2000ದ ಸುಮಾರಿಗೆ ಒಂದು ಕಂಪನಿ ಈ ಕಟ್ಟಳೆಯನ್ನೇ ಕೈಬಿಟ್ಟು, ಯಾರು ಯಾವಾಗ ಬೇಕಾದರೂ ತಮಗೆ ಹಿತವೆನಿಸಿದ ಉಡುಪಿನಲ್ಲಿ ಉಣ್ಣಬಹುದೆಂದು ಸಾರಿತು. ಹಲವು ಹಡಗುಗಳು ಆ ದಾರಿ ಹಿಡಿದಿವೆ. ಕೆಲವು ಹಳೆಯ ಪದ್ಧತಿಯನ್ನು ಹೆಮ್ಮೆಯಿಂದ ಉಳಿಸಿಕೊಂಡಿವೆ. ಇನ್ನು ಕೆಲವು, ಆಯಾ ದೇಶದ ಸಾಂಪ್ರದಾಯಿಕ ಉಡುಪೂ ಆದೀತೆನ್ನುತ್ತವೆ. ನಾವು ಹತ್ತಿದ ಹಡಗಿನ ಹಾಳೆಯಲ್ಲಿ ಆ ಮಾತು ಇರಲಿಲ್ಲ.

ನನ್ನ ಪೆಟ್ಟಿಗೆಯಲ್ಲಿದ್ದುದು ನಾಲ್ಕು ಧೋತರ, ನಾಲ್ಕು ನಿಲುವಂಗಿ, ಒಂದು ಶಲ್ಯ, ಒಂದು ರುಮಾಲು, ಚಳಿಗೆಂದು ಮಗ ಕೊಡಿಸಿದ ಒಂದು ಸ್ವೆಟರು. "ಅಪ್ಪಾ, ಎರಡ ರಾತ್ರಿ ಅಷ್ಟ. ಬಾಡಿಗಿ ಕೋಟು ಸಿಗ್ತದ, ತರ್ತೀನಿ" ಎಂದು ಮಗ ಹೇಳಿದನು. ಅವನ ದನಿಯಲ್ಲಿ ಒತ್ತಾಯವಿರಲಿಲ್ಲ. ಒಂದು ಬಗೆಯ ಅಂಜಿಕೆಯಿದ್ದಿತು. ನನ್ನನ್ನು ಕುರಿತ ಅಂಜಿಕೆಯೋ ನನ್ನಿಂದಾಗುವ ಅಂಜಿಕೆಯೋ ತಿಳಿಯಲಿಲ್ಲ. ಹಸಿವಿಲ್ಲವೆಂದು ನೆವ ಹೇಳಿ ನಾನು ಕೋಣೆಯಲ್ಲಿಯೇ ಉಳಿದೆನು.

ನನ್ನ ಮನೆಯವರು ಇಳಕಲ್ ಸೀರೆಯುಟ್ಟು ಮಗನೊಡನೆ ಹೋದರು. ಇಳಕಲ್ಲು ನಮಗೆ ನೆರೆಯ ಊರು. ನಮ್ಮ ಕುಷ್ಟಗಿ ತಾಲೂಕಿನ ದೋಟಿಹಾಳದಲ್ಲಿಯೂ ಆ ಸೀರೆಯ ಮಗ್ಗಗಳುಂಟು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಆ ನೇಯ್ಗೆಯನ್ನು ತಿಳಿದವರು ಬಲ್ಲರು. ಅರ್ಧ ಗಂಟೆಯೊಳಗೆ ಅವರು ಮರಳಿ ಬಂದರು. ಬಾಗಿಲಲ್ಲಿದ್ದವರು ಬಾಗಿ ವಂದಿಸಿದರಂತೆ, ಪಕ್ಕದ ಮೇಜಿನ ಹೆಂಗಸರು ಸೆರಗನ್ನು ಮುಟ್ಟಿ ನೋಡಿದರಂತೆ, ಚಿತ್ರ ತೆಗೆಯುವವನು ಎರಡು ಸಲ ನಿಲ್ಲಿಸಿಕೊಂಡನಂತೆ. "ಮತ್ತ ಊಟ?" ಎಂದೆನು. "ನೀವು ಉಪವಾಸ ಕುಂತ್ರ ನನಗ ತುತ್ತು ಇಳಿತದೇನು?" ಎಂದರು. ಕಿಟಕಿಯಾಚೆ ರಾತ್ರಿ ಹತ್ತಾದರೂ ಹಗಲಿನ ಬೆಳಕಿದ್ದಿತು. ಊರಿನಿಂದ ತಂದಿದ್ದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಗಳನ್ನು ಇಬ್ಬರೂ ಉಂಡೆವು.

ಒಂದೇ ಮನೆಯ ಹೆಂಗಸಿನ ಸೀರೆ ಆ ಸಭೆಗೆ ಅಲಂಕಾರವಾಯಿತು. ಗಂಡಸಿನ ಧೋತರ ಯಾಕೆ ಆಗಲಿಲ್ಲ? ಇದನ್ನೇ ನಾನು ಆ ರಾತ್ರಿ ಚಿಂತಿಸುತ್ತಿದ್ದೆನು. ಅಧಿಕಾರದ ಉಡುಪು ಗಂಡಸಿನದು, ಅಂದದ ಉಡುಪು ಹೆಂಗಸಿನದು ಎಂಬ ಎಣಿಕೆ ಇದರ ಹಿಂದೆ ಇದ್ದಂತಿದೆ. ಹೆಂಗಸು ತನ್ನ ನಾಡನ್ನು ಮೈಮೇಲೆ ಹೊತ್ತು ಬಂದರೆ ಜಗತ್ತು ಮೆಚ್ಚುತ್ತದೆ. ಗಂಡಸು ಮಾತ್ರ ಆಳುವವನ ಹಾಗೆ ಕಂಡರೆ ಸಭ್ಯನು.

ನಾವು ಹೊರಟ ಬಂದರು ಸೌತಾಂಪ್ಟನ್ ಎಂದೆನಷ್ಟೆ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹೊರಟ ಗಾಂಧಿಯೆಂಬ ಹದಿನೆಂಟರ ಹುಡುಗನು, ಚಾಕು ಮುಳ್ಳುಚಮಚಗಳನ್ನು ಹಿಡಿಯಲು ಬಾರದೆ, ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ನಾಚಿ, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ಕೋಣೆಯಲ್ಲಿಯೇ ತಿಂದು ದಿನ ಕಳೆದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹಡಗಿನಲ್ಲಿ ಕಪ್ಪು ಉಡುಪು ತೊಟ್ಟು, ಇಳಿಯುವಾಗ ಶೋಭಿಸಲೆಂದು ಬಿಳಿಯ ಫ್ಲ್ಯಾನೆಲ್ ಉಡುಪನ್ನು ಕಾದಿಟ್ಟಿದ್ದರು. ಸೌತಾಂಪ್ಟನ್ನಿನಲ್ಲಿ ಇಳಿದು ನೋಡಿದರೆ, ಸೆಪ್ಟೆಂಬರಿನ ಕೊನೆಯ ಆ ದಿನಗಳಲ್ಲಿ ಬಿಳಿಯ ಉಡುಪು ತೊಟ್ಟವರು ತಾವೊಬ್ಬರೇ! ಅದೇ ಗಾಂಧಿಯವರು 1931ರಲ್ಲಿ ಬಕಿಂಗ್‌ಹ್ಯಾಂ ಅರಮನೆಗೆ ತುಂಡುಪಂಚೆ ಶಾಲುಗಳಲ್ಲಿಯೇ ಹೋಗಿ ದೊರೆಯನ್ನು ಕಂಡರು. ಈ ಎರಡು ಪ್ರಸಂಗಗಳ ನಡುವೆ 43 ವರ್ಷಗಳಿವೆ. ಕೋಣೆಯಲ್ಲಿ ಕುಳಿತ ನನಗೆ ಎರಡನೆಯ ಗಾಂಧಿ ಬಹು ದೂರ. ಮೊದಲನೆಯವರು ನೆರೆಯ ಕೋಣೆಯಲ್ಲಿಯೇ ಇದ್ದಂತೆ ಅನಿಸಿತು.

ಉಡುಪಿನ ಕಟ್ಟಳೆ ಬಿಳಿಯರದು, ನಮ್ಮಲ್ಲಿ ಅದಿರಲಿಲ್ಲ ಎಂದು ಸಮಾಧಾನ ತಂದುಕೊಳ್ಳೋಣವೆಂದರೆ ಚರಿತ್ರೆ ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಗಂಗಾವತಿ ತಾಲೂಕಿನ ಆನೆಗೊಂದಿಗೆ ನಮ್ಮೂರಿನಿಂದ ಹಗಲಿನಲ್ಲಿ ಹೋಗಿ ಬರಬಹುದು. ಹೊಳೆಯ ಆಚೆಗೆ ವಿಜಯನಗರ. 1443ರಲ್ಲಿ ಹೆರಾತಿನ ರಾಯಭಾರಿ ಅಬ್ದುಲ್ ರಜಾಕನು ಇಮ್ಮಡಿ ದೇವರಾಯನ ಸಭೆಗೆ ಬಂದನು. ಅದಕ್ಕೆ ಮೊದಲು ಅವನು ಹಡಗಿನಿಂದ ಇಳಿದುದು ಕಲ್ಲಿಕೋಟೆಯಲ್ಲಿ. ಅಲ್ಲಿ ಅರಸನೂ ತಿರುಕನೂ ಒಂದೇ ಬಗೆಯ ತುಂಡುಬಟ್ಟೆಯನ್ನು ಉಡುವುದನ್ನು ಕಂಡು ಅವನಿಗೆ ಸೋಜಿಗವಾಯಿತು. ವಿಜಯನಗರದಲ್ಲಿಯಾದರೋ ಅರಸನು ಹಸಿರು ರೇಷ್ಮೆಯ ನಿಲುವಂಗಿ ತೊಟ್ಟು, ಕೊರಳಿಗೆ ಮುತ್ತಿನ ಹಾರ ಧರಿಸಿ ಕುಳಿತಿದ್ದನೆಂದು ಬರೆದಿದ್ದಾನೆ. ಅಲ್ಲಿನ ಸಭಾ ಉಡುಪಿಗೆ ಕಬಾಯಿ, ಕುಲ್ಲಾಯಿ ಎಂದು ಹೆಸರು. ಕಬಾಯಿಯೆಂದರೆ ಉದ್ದನೆಯ ಅಂಗಿ, ಕುಲ್ಲಾಯಿಯೆಂದರೆ ಎತ್ತರದ ಟೊಪ್ಪಿಗೆ. ಮೊದಲನೆಯ ಮಾತು ಅರಬ್ಬಿಯ ಮೂಲದ್ದು, ಎರಡನೆಯದು ಪಾರಸಿಯ ಮೂಲದ್ದು. ಲೇಪಾಕ್ಷಿಯ ಗುಡಿಯ ಮಾಡಿನ ಚಿತ್ರಗಳಲ್ಲಿ ಆ ಎತ್ತರದ ಟೊಪ್ಪಿಗೆಗಳನ್ನು ಇಂದಿಗೂ ಕಾಣಬಹುದು. ದೊರೆಗಳ ತಲೆಯ ಮೇಲಿದ್ದ ಆ ಕುಲ್ಲಾಯಿ ಈಗ ನಮ್ಮ ಸೀಮೆಯಲ್ಲಿ ತೊಟ್ಟಿಲ ಕೂಸಿನ ಕುಲಾಯಿಯಾಗಿ ಉಳಿದಿದೆ. ವಿಧ್ಯುಕ್ತವೆನ್ನುವ ಉಡುಪೆಲ್ಲ ಎಲ್ಲಿಂದಲೋ ಬಂದುದು, ಎಲ್ಲಿಗೋ ಹೋಗತಕ್ಕುದು.

ಅದೇ ದೇವರಾಯನ ಆಸ್ಥಾನಕ್ಕೆ ತೆಲುಗಿನ ಕವಿ ಶ್ರೀನಾಥನು ಬಂದನೆಂದು ಸಂಪ್ರದಾಯ. ಅವನ ಹೆಸರಿನಲ್ಲಿ ಒಂದು ಚಾಟುಪದ್ಯ ಉಳಿದುಬಂದಿದೆ. ತಲೆಗೆ ಕುಲ್ಲಾಯಿ ಏರಿಸಿದ್ದಾಯಿತು, ಮೈಗೆ ದೊಡ್ಡ ಅಂಗಿ ತೊಟ್ಟದ್ದಾಯಿತು, ಒಗ್ಗದ ಊಟವನ್ನು ಉಂಡದ್ದೂ ಆಯಿತು, ಇನ್ನಾದರೂ ದಯೆ ಬಾರದೇ ಎಂದು ಕನ್ನಡ ರಾಜ್ಯಲಕ್ಷ್ಮಿಯಲ್ಲಿ ಅವನು ಇಡುವ ಮೊರೆ ಅದರ ಹುರುಳು. ಮಹಾಕವಿಯೂ ನಮ್ಮ ನಾಡಿನ ಉಡುಪಿನ ಕಟ್ಟಳೆಗೆ ಸಿಕ್ಕಿ ಬೆವರಿದನು! ಉಡುಪೂ ಊಟವೂ ಒಂದೇ ಪದ್ಯದಲ್ಲಿ ಕೂಡಿ ಬಂದುದು ಆಕಸ್ಮಿಕವಲ್ಲ. ಪರರ ಮನೆಯ ಬಾಗಿಲಲ್ಲಿ ಮನುಷ್ಯನು ಸಂಕೋಚಪಡುವುದು ಇವೆರಡಕ್ಕೇ.

ಆದರೆ ವಿಜಯನಗರದ ವಿಷಯದಲ್ಲಿ ಇನ್ನೊಂದು ಮಾತೂ ಇದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಹೇಳುವಂತೆ, ಕೃಷ್ಣದೇವರಾಯನು ತನ್ನನ್ನು ಕಾಣಬಂದ ಪೋರ್ಚುಗೀಸರ ಮುಖಂಡನಿಗೆ ಬೀಳ್ಕೊಡುವಾಗ ಜರತಾರಿಯ ಕಬಾಯಿಯನ್ನೂ ತಾನು ಧರಿಸುವಂತಹುದೇ ಟೊಪ್ಪಿಗೆಯನ್ನೂ ಕೊಟ್ಟನು. ಜೊತೆಗಿದ್ದ ಒಬ್ಬೊಬ್ಬನಿಗೂ ಕಸೂತಿಯ ವಸ್ತ್ರವನ್ನು ಕೊಟ್ಟನು. ಸ್ನೇಹದ ಗುರುತಾಗಿ ಹೀಗೆ ಕೊಡುವುದು ಅಲ್ಲಿನ ಪದ್ಧತಿಯೆಂದು ಪಾಯೆಸನು ಬರೆದಿದ್ದಾನೆ. ಸಭೆಗೆ ಉಡುಪನ್ನು ಕಟ್ಟಳೆ ಮಾಡಿದ ದೊರೆ ಅದನ್ನು ತನ್ನ ಕೈಯಿಂದ ಕೊಡಲೂ ಬಲ್ಲವನಾಗಿದ್ದನು. ನಮ್ಮ ಮದುವೆಗಳಲ್ಲಿ ಬಂದ ಬೀಗರಿಗೆ ಆಯೇರಿ ಮಾಡುವುದು, ಹಿರಿಯರ ತಲೆಗೆ ರುಮಾಲು ಸುತ್ತುವುದು, ಮುತ್ತೈದೆಯರಿಗೆ ಖಣದೊಡನೆ ಉಡಿ ತುಂಬುವುದು, ಎಲ್ಲವೂ ಈ ಜಾತಿಯವು. ಬಂದವರ ಬಟ್ಟೆಯನ್ನು ನಾವು ಬಾಗಿಲಲ್ಲಿ ನಿಂತು ನೋಡುವುದಿಲ್ಲ. ಒಳಗೆ ಕರೆದು, ಕೂಡಿಸಿ, ಹೊಸತನ್ನು ಹೊದಿಸುತ್ತೇವೆ.

ಎಲ್ಲ ಕಾಲದಲ್ಲಿಯೂ ಹೀಗಿದ್ದಿತೆಂದು ಹೇಳಲಾರೆ. 1948ರ ವರೆಗೆ ನಮ್ಮ ಸೀಮೆ ನಿಜಾಮರ ಆಳಿಕೆಯಲ್ಲಿದ್ದಿತು. ಹೈದರಾಬಾದಿನ ದರ್ಬಾರಿಗೆ ದಸ್ತಾರು, ನಡುವಿಗೆ ಬಗಲೂಸು ಇಲ್ಲದೆ ಪ್ರವೇಶವಿರಲಿಲ್ಲ. ಕೆಳಗಿನ ಕಚೇರಿಗಳಿಗೂ ಶೇರವಾನಿಯ ಮರ್ಯಾದೆ ಇಳಿದುಬಂದಿದ್ದಿತು. ನಮ್ಮ ಓಣಿಯ ಮೂರು ಮನೆಗಳಿಗೆ ಇದ್ದುದು ಒಂದೇ ಶೇರವಾನಿಯೆಂದೂ, ಅಹವಾಲು ಇದ್ದವರು ಸರದಿಯ ಮೇಲೆ ಅದನ್ನು ತೊಟ್ಟು ಹೋಗುತ್ತಿದ್ದರೆಂದೂ ನಮ್ಮ ತಂದೆಯವರು ಹೇಳುತ್ತಿದ್ದರು. ಅಹವಾಲಿನ ಅಳತೆ ಬೇರೆ ಬೇರೆ. ಅಂಗಿಯ ಅಳತೆ ಒಂದೇ.

ಎರಡನೆಯ ವಿಧ್ಯುಕ್ತ ರಾತ್ರಿ ಬಂದಿತು. ಮನೆಯವರ ಮಾತಿಗೆ ಕಟ್ಟುಬಿದ್ದು ಅಂದು ನಾನೂ ಹೊರಟೆನು. ಬಿಳಿಯ ಧೋತರ, ನಿಲುವಂಗಿ, ಶಲ್ಯ, ರುಮಾಲು. ನಮ್ಮ ಮುಂದೆ ಸ್ಕಾಟ್ಲೆಂಡಿನ ಒಬ್ಬ ಮುದುಕರು ತಮ್ಮ ನಾಡಿನ ನೆರಿಗೆಯ ಲಂಗ ತೊಟ್ಟು, ಮೊಣಕಾಲು ಬಿಟ್ಟುಕೊಂಡು, ಗಂಭೀರವಾಗಿ ಒಳಗೆ ಹೋದರು. ನನ್ನ ಸರದಿ ಬಂದಾಗ ಬಾಗಿಲಿನ ಯುವಕನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹು ನಯವಾಗಿ, ಮೇಲಂತಸ್ತಿನ ಊಟದ ಮನೆ ತಮಗೆ ಹೆಚ್ಚು ಅನುಕೂಲವಾದೀತೆಂದನು. ಮಗನ ಮುಖ ಕೆಂಪೇರಿತು. ಅವನು ಏನನ್ನೋ ಹೇಳುತ್ತಿದ್ದನು, ನನಗೆ ಕೇಳಿಸಲಿಲ್ಲ. ಏಕೆಂದರೆ ಆ ಕ್ಷಣದಲ್ಲಿ ನಾನು ಆ ಬಾಗಿಲಲ್ಲಿ ಇರಲಿಲ್ಲ.

ನಾಲ್ಕು ದಶಕಗಳ ಹಿಂದೆ ನಾನು ಒಂದು ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆನು. ಅಲ್ಲಿ ಸಮವಸ್ತ್ರವನ್ನು ಮಕ್ಕಳ ಮನೆಯವರೇ ಹೊಲಿಸಬೇಕಾಗಿದ್ದಿತು. ಬಿಳಿಯ ಅಂಗಿ, ಖಾಕಿ ಚಡ್ಡಿ ಎಂದು ನಿಯಮ ಮಾಡಿದವನು ನಾನೇ. ಬಡವ ಬಲ್ಲಿದರ ಮಕ್ಕಳು ಒಂದೇ ಬಗೆಯಾಗಿ ಕಾಣಬೇಕೆಂಬ ಒಳ್ಳೆಯ ಉದ್ದೇಶ ನನ್ನದು. ಒಂದು ಆಗಸ್ಟ್ ಹದಿನೈದರ ಮುಂಜಾನೆ ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗನು ಹಸಿರು ಗೀರಿನ ಅಂಗಿ ತೊಟ್ಟು ಬಂದನು. ಅಧಿಕಾರಿಗಳು ಬರುವವರಿದ್ದರು. ಅವನನ್ನು ಸಾಲಿನಿಂದ ತೆಗೆದು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆನು. ಧ್ವಜ ಏರಿತು, ಹಾಡಾಯಿತು, ಪೇಢೆ ಹಂಚಿದರು. ಗಿಡದ ಕೆಳಗಿದ್ದವನ ನೆನಪು ಯಾರಿಗೂ ಆಗಲಿಲ್ಲ. ಮಧ್ಯಾಹ್ನ ಅವನ ತಾಯಿ ಬಂದು, "ಸರ, ರಾತ್ರಿ ಒಗೆದು ಹಾಕಿದ್ನಿರಿ, ಮಳಿಗೆ ಆರಲಿಲ್ರಿ" ಎಂದಳು. ಅವಳ ಕೈಯಲ್ಲಿ ಆ ಬಿಳಿಯ ಅಂಗಿ ಇನ್ನೂ ಹಸಿಯಾಗಿಯೇ ಇದ್ದಿತು. ನಾನು ಏನು ಹೇಳಿದೆನೆಂಬುದು ನೆನಪಿಲ್ಲ. ಕ್ಷಮೆ ಕೇಳಲಿಲ್ಲವೆಂಬುದು ನೆನಪಿದೆ.

ಹಡಗಿನ ಆ ಯುವಕನ ನಯವಾದ ಮುಖದಲ್ಲಿ ನಾನು ಕಂಡುದು ನನ್ನ ಮುಖವನ್ನು. ಅವನೂ ನಿಯಮವನ್ನು ಪಾಲಿಸುತ್ತಿದ್ದನು, ಅವನಿಗೂ ಮೇಲಧಿಕಾರಿಗಳಿದ್ದರು. ಕಟ್ಟಳೆ ಮಾಡಿದವನು ಬಾಗಿಲಲ್ಲಿ ಎಂದೂ ಇರುವುದಿಲ್ಲ. ಇದ್ದರೂ, ನನ್ನಂತೆ, ಬೇವಿನ ಗಿಡದ ಕಡೆಗೆ ನೋಡುವುದಿಲ್ಲ.

ಇಂತಹ ಬಾಗಿಲುಗಳು ನಮ್ಮ ನಾಡಿನಲ್ಲಿಯೂ ಇನ್ನೂ ಇವೆ. 2014ರಲ್ಲಿ ಚೆನ್ನೈಯ ಒಂದು ಕ್ಲಬ್ಬು, ವೇಷ್ಟಿಯುಟ್ಟು ಬಂದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನೇ ಒಳಗೆ ಬಿಡಲಿಲ್ಲ; ಅದೇ ವರ್ಷ ತಮಿಳುನಾಡು ಇದರ ವಿರುದ್ಧ ಶಾಸನ ಮಾಡಿತು. 2024ರ ಜುಲೈಯಲ್ಲಿ ಹಾವೇರಿಯ ಕಡೆಯ ಒಬ್ಬ ರೈತರು ಮಗನೊಡನೆ ಚಲನಚಿತ್ರ ನೋಡಲೆಂದು ಬೆಂಗಳೂರಿನ ಒಂದು ಮಾಲಿಗೆ ಹೋದಾಗ, ಪಂಚೆಯುಟ್ಟಿರುವರೆಂದು ಅವರನ್ನು ತಡೆದರು. ನಾಡಿನಲ್ಲೆಲ್ಲ ಕೂಗೆದ್ದು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರಕಾರ ವಿಧಾನಸಭೆಯಲ್ಲಿ ಹೇಳಿತು. ಆ ಸುದ್ದಿ ಓದಿದಾಗ ನಾನು ರೈತರಿಗಿಂತ ಹೆಚ್ಚಾಗಿ ಅವರ ಜೊತೆಯಲ್ಲಿದ್ದ ಮಗನನ್ನು ನೆನೆದೆನು. ತಂದೆಯ ಉಡುಪಿಗಾಗಿ ಪರರ ಮುಂದೆ ವಾದಿಸಬೇಕಾದ ಮಗನ ಸಂಕಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹಾಗೆಂದು ಸಮಾರಂಭದ ಉಡುಪೇ ಬೇಡವೆಂದು ನಾನು ಹೇಳುವವನಲ್ಲ. ಹಬ್ಬಕ್ಕೆ ಮಡಿಯುಟ್ಟಾಗ ದಿನವೇ ಬೇರೆಯಾಗುತ್ತದೆ. ಕರಾವಳಿಯ ಹಲವು ಗುಡಿಗಳಲ್ಲಿ ಗಂಡಸರು ಅಂಗಿ ಕಳಚಿ ಒಳಗೆ ಹೋಗುತ್ತಾರೆ. ಅಲ್ಲಿ ಕಳಚುವುದೇ ಮರ್ಯಾದೆ. ನಾಲ್ಕು ಜನ ಕೂಡುವಲ್ಲಿ ಸ್ವಲ್ಪ ಶ್ರಮಪಟ್ಟು ಸಿದ್ಧವಾಗಿ ಬರುವುದು ಆ ನಾಲ್ವರಿಗೂ ತೋರುವ ಆದರ. ನನ್ನ ಮಾತು ಇಷ್ಟೇ: ಉಡುಪನ್ನು ಕೇಳುವ ಕೈ ಉಡುಪನ್ನು ಕೊಡಲೂ ಸಿದ್ಧವಾಗಿರಬೇಕು. ಇಂದು ನಮ್ಮ ಸರಕಾರಿ ಶಾಲೆಗಳ ಮಕ್ಕಳಿಗೆ ಸರಕಾರವೇ ಸಮವಸ್ತ್ರದ ಬಟ್ಟೆಯನ್ನು ಕೊಡುತ್ತಿದೆ. ಅದನ್ನು ಕಂಡಾಗಲೆಲ್ಲ ನನಗೆ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ.

ಹಡಗಿನ ಬಾಗಿಲಲ್ಲಿ ಮುಂದೇನಾಯಿತೆಂದು ಹೇಳಿ ಮುಗಿಸುತ್ತೇನೆ. ಮಾತು ಬೆಳೆಯುತ್ತಿದ್ದಂತೆ ಊಟದ ಮನೆಯ ಹಿರಿಯ ಮೇಲ್ವಿಚಾರಕರೊಬ್ಬರು ಬಂದರು. ಸಂಗತಿ ಕೇಳಿ, ಒಳಗೆ ಹೋಗಿ, ಮರೆತು ಬಂದವರಿಗೆಂದು ಇಟ್ಟಿದ್ದ ಕೋಟುಗಳಲ್ಲಿ ಒಂದನ್ನು ತಂದು, ಬೆನ್ನ ಹಿಂದೆ ನಿಂತು ಎರಡೂ ತೋಳುಗಳನ್ನು ಬಿಡಿಸಿ ಹಿಡಿದರು. ಬೇಡವೆನ್ನಬೇಕೆಂದಿದ್ದೆನು. ಆದರೆ ಅವರು ಹಿಡಿದ ರೀತಿ ಆಯೇರಿಯ ಹೊತ್ತಿನಲ್ಲಿ ನಮ್ಮ ಹಿರಿಯರು ಶಲ್ಯ ಹೊದಿಸುವ ರೀತಿಯಂತೆಯೇ ಇದ್ದಿತು. ಕೈ ತೂರಿಸಿದೆನು. ತೋಳು ತುಸು ಉದ್ದವಾಯಿತು. ತಲೆಗೆ ರುಮಾಲು, ಮೈಗೆ ಕಪ್ಪು ಕೋಟು, ಕೆಳಗೆ ಧೋತರ. ಎದುರಿನ ದೊಡ್ಡ ಕನ್ನಡಿಯಲ್ಲಿ ನೋಡಿದರೆ, ನಿಂತಿದ್ದವರು ನನಗೆ ಅಕ್ಷರ ಕಲಿಸಿದ ಮಾಸ್ತರರು! ಬೇಂದ್ರೆಯವರ ಕಾಲದ ಶಿಕ್ಷಕರ ವಿಧ್ಯುಕ್ತ ಉಡುಪು ಅದೇ ಅಲ್ಲವೆ? ಕೋಟು ಪರದೇಶದ್ದು, ಧೋತರ ನಮ್ಮದು. ಎರಡರ ನಡುವೆ ಜಗಳವಿರಲಿಲ್ಲ.

ಮನೆಯವರು ಆ ರಾತ್ರಿ ಹೊಟ್ಟೆ ತುಂಬ ಉಂಡರು. ಮಗನು ಚಿತ್ರ ತೆಗೆಸಿದನು. ಅದು ಈಗ ನಮ್ಮ ಮನೆಯ ಪಡಸಾಲೆಯಲ್ಲಿದೆ. ನೋಡಿದವರು ಕೋಟು ಯಾರದೆಂದು ಕೇಳುತ್ತಾರೆ. ಕೊಟ್ಟವರದೆಂದು ಹೇಳುತ್ತೇನೆ. ಹಸಿರು ಗೀರಿನ ಅಂಗಿಯ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಐವತ್ತರ ಸಮೀಪ ಬಂದಿರಬೇಕು. ಈ ಮಾತುಗಳು ಅವನ ಕಿವಿಗೆ ಬಿದ್ದರೆ, ಅಂದು ಹೇಳದೆ ಉಳಿದ ಒಂದು ಮಾತು ಇವುಗಳಲ್ಲಿದೆ ಎಂದು ಅವನು ತಿಳಿದುಕೊಳ್ಳಲಿ.